ನೀರಿಗಿಳಿಸಿದ ಲೈಫ್‌ಬೋಟನ್ನು ವಾಪಸ್ ಎತ್ತುವುದು: ನಿಮ್ಮ ಹಡಗಿನಲ್ಲಿ ಹೇಗೆ?

ಕುಂದಾಪ್ರ ಕ್ಯಾಡೆಟ್:
ಎಲ್ಲರಿಗೂ ನಮಸ್ಕಾರ. ನಾನು ಡೆಕ್ ಕ್ಯಾಡೆಟ್, ಇದು ನನ್ನ ಮೊದಲ ಹಡಗು, ಕಂಟೇನರ್ ಹಡಗು. ಮುಂದಿನ ಆಂಕರೇಜ್‌ನಲ್ಲಿ (ಲಂಗರು ಹಾಕುವ ಜಾಗ) ಬೋಟ್ ಡ್ರಿಲ್ ಇದೆ. ಸುಮ್ನೆ ಮಸ್ಟರ್ (ಎಲ್ಲರನ್ನೂ ಸೇರಿಸಿ ಹಾಜರಿ) ಮಾಡಿ ಫೋಟೊ ತೆಗೆಯುವ ಡ್ರಿಲ್ ಅಲ್ಲ. ಬೋಟನ್ನು ನೀರಿಗಿಳಿಸಿ, ಒಂದು ಸುತ್ತು ಓಡಿಸಿ, ವಾಪಸ್ ಎತ್ತುವುದು. ಒಳಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಬೋಟ್ ತೂಗುವ ಎರಡು ಹುಕ್‌ಗಳಲ್ಲಿ ಮುಂಭಾಗದ್ದು ನನ್ನದು.

ಕೋರ್ಸ್‌ನಲ್ಲಿ ಇಳಿಸುವುದನ್ನು ಬಾಯಿಪಾಠ ಮಾಡಿಸಿದ್ದರು. ಹಾರ್ಬರ್ ಪಿನ್ ತೆಗಿ, ಬೋಟನ್ನು ಬಿಗಿದ ಗ್ರೈಪ್ ಬಿಚ್ಚು, ಮೂತಿಯ ಪೇಂಟರ್ ಹಗ್ಗ ಕಟ್ಟಿದೆಯಾ ನೋಡು, ಬ್ರೇಕ್ ಎತ್ತು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಎತ್ತುವ ವಿಷಯ ಬಂದಾಗ ಮಾತ್ರ "ಅದೇ, ಉಲ್ಟಾ ಮಾಡಿದರಾಯಿತು" ಎಂದು ಮುಂದಿನ ಪಾಠಕ್ಕೆ ಹೋದರು. ನಿಜವಾಗಿಯೂ ಉಲ್ಟಾ ಮಾಡಿದರೆ ಆಗುತ್ತದಾ? ಹುಕ್ ಹತ್ತಿರ ನಿಂತವನು ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ.

ಹಳೇ ಬೋಸನ್:
ಉಲ್ಟಾ ಅಲ್ಲ ಮಾರಾಯ. ಇಳಿಸುವಾಗ ಕೆಲಸವನ್ನೆಲ್ಲ ಬೋಟಿನ ತೂಕವೇ ಮಾಡುತ್ತದೆ. ಹಡಗಿನಲ್ಲಿ ಕರೆಂಟ್ ಹೋಗಿದ್ದರೂ ಬ್ರೇಕಿನ ಹಿಡಿ ಎತ್ತಿದರೆ ಸಾಕು, ಡೇವಿಟ್ (ಬೋಟನ್ನು ಹಿಡಿದು ಇಳಿಸುವ ಕ್ರೇನ್) ತೋಳು ಹೊರಗೆ ವಾಲುತ್ತದೆ, ಬೋಟ್ ಇಳಿಯುತ್ತದೆ. ಆ ಏರ್ಪಾಡು ಇರುವುದೇ ಹಡಗು ಬಿಟ್ಟು ಹೋಗುವುದಕ್ಕೆ. ಎತ್ತುವಾಗ ಎಲ್ಲವೂ ನಿನಗೆ ಎದುರಾಗಿರುತ್ತದೆ. ತೂಕ, ಅಲೆ, ವೈರಿನಲ್ಲಿ ತೂಗಾಡುವ ಬ್ಲಾಕ್ (ರಾಟೆ). ಜೊತೆಗೆ "ಡ್ರಿಲ್ ಮುಗೀತು, ಇನ್ನು ಟೀ" ಎನ್ನುವ ಮನಸ್ಸು. ಇಳಿಯುವಾಗ ಹೆದರಿಕೆ ಇರುತ್ತದೆ, ಹಾಗಾಗಿ ಎಲ್ಲರೂ ಕಣ್ಣು ಬಿಟ್ಟುಕೊಂಡಿರುತ್ತಾರೆ. ವಾಪಸ್ ಬರುವಾಗ ಅದು ಇರುವುದಿಲ್ಲ.

ಹುಕ್ ವಿಷಯ. ಹೆಚ್ಚಿನ ಹುಕ್‌ಗಳನ್ನು ಹಡಗಿನ ಬದಿಗೆ ಬರುವ ಮೊದಲೇ, ದೂರದಲ್ಲಿ ನಿಧಾನವಾಗಿ ರೀಸೆಟ್ ಮಾಡಿಕೊಳ್ಳಬಹುದು. ಆಮೇಲೆ ಬ್ಲಾಕಿನ ರಿಂಗನ್ನು ಒಳಗೆ ತಳ್ಳಿದರೆ ಸಾಕು. ನಿಮ್ಮ ಹಡಗಿನದು ಯಾವ ಕಂಪನಿಯ ಹುಕ್ ಎಂದು ನೋಡಿ ಅದರ ಮ್ಯಾನುಯಲ್ ಓದು. ಬೋಟಿನೊಳಗೆ ಲೆವರ್ ಪಕ್ಕದಲ್ಲೇ ಚಿತ್ರ ಅಂಟಿಸಿರುತ್ತಾರೆ. ಲೆವರ್ ಪೂರ್ತಿ ಹಿಂದಕ್ಕೆ ಹೋಗಿ ಸೇಫ್ಟಿ ಪಿನ್ ತಾನಾಗಿ ಕೂರಬೇಕು. ಪಿನ್ ಕೂರದಿದ್ದರೆ ಹುಕ್ ಮುಚ್ಚಿದಂತೆ ಕಂಡರೂ ಮುಚ್ಚಿಲ್ಲ. ಅಗುಳಿ ಹಾಕದೆ ಎಳೆದುಕೊಂಡ ಬಾಗಿಲಿನ ಹಾಗೆ. ಅರ್ಧ ಸೆಟ್ ಆದ ಹುಕ್ ಬೋಟಿನ ತೂಕವನ್ನೂ ಹೊರುತ್ತದೆ, ಅದೇ ಅದರ ಮೋಸ. ಎಂಟು ಹತ್ತು ಮೀಟರ್ ಮೇಲೆ ಹೋದ ಮೇಲೆ ಒಂದು ಜಗ್ಗಿಗೆ ಬಿಟ್ಟುಕೊಡುತ್ತದೆ.

ಈಗ ನೀನು ಮುಂದಿನ ಹ್ಯಾಚ್‌ನಿಂದ ತಲೆ ಹೊರಗೆ ಹಾಕುತ್ತೀಯಲ್ಲ, ಸರಿಯಾಗಿ ಅದೇ ಎತ್ತರದಲ್ಲಿ ಬ್ಲಾಕ್ ತೂಗಾಡುತ್ತಿರುತ್ತದೆ. ಕಬ್ಬಿಣದ ಮುದ್ದೆ. ಹೆಲ್ಮೆಟ್‌ನ ಗದ್ದದ ಪಟ್ಟಿ ಬಿಗಿ ಇರಲಿ. ಬ್ಲಾಕ್ ತನ್ನಷ್ಟಕ್ಕೆ ಬರುವವರೆಗೆ ಕಾಯಿ, ಕೈ ಚಾಚಿ ಹಿಡಿಯಲು ಹೋಗಬೇಡ. ರಿಂಗನ್ನು ಎರಡು ಬದಿಯಿಂದ ಅಂಗೈಯಲ್ಲಿ ಹಿಡಿ. ಬೆರಳು ರಿಂಗಿನ ಒಳಗೆ ಹೋಗಲೇಬಾರದು. ಬೋಟ್ ತಗ್ಗಿಗೆ ಇಳಿದ ಕ್ಷಣ ಆ ರಿಂಗ್ ಹುಕ್ಕಿಗೆ ಬಡಿಯುವ ರಭಸ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮತ್ತೆ, ವೈರ್ ತಿರುಚಿಕೊಂಡಿದೆಯಾ ನೋಡು. ತೂಕವಿಲ್ಲದ ಬ್ಲಾಕ್ ಗಿರಗಿರ ತಿರುಗಿರುತ್ತದೆ. ತಿರುಚಿದ್ದರೆ ಹುಕ್ ಹಾಕಬೇಡ, ಮೇಲಿನವರಿಗೆ ಹೇಳು.

ರಾತ್ರಿ ವಾಚ್:
ಬೋಸನ್ ಅವರ ಮಾತಿಗೆ ಒಂದೆರಡು ಸೇರಿಸುತ್ತೇನೆ. ನಾನು ಸೆಕೆಂಡ್ ಮೇಟ್.

ಯಾವ ಹುಕ್ ಮೊದಲು ಎಂಬ ಗೊಂದಲ ಹೊಸಬರಿಗೆ ಇದ್ದೇ ಇರುತ್ತದೆ. ಹಡಗು ಸ್ವಲ್ಪ ಮುಂದೆ ಸಾಗುತ್ತಿದ್ದರೆ, ಅಥವಾ ಆಂಕರ್‌ನಲ್ಲಿದ್ದು ಮುಂದಿನಿಂದ ನೀರಿನ ಸೆಳೆತ ಬರುತ್ತಿದ್ದರೆ, ಮುಂಭಾಗದ ಹುಕ್ ಮೊದಲು. ಹಿಂದಿನದನ್ನು ಮೊದಲು ಹಾಕಿದರೆ ಬೋಟಿನ ಮೂತಿ ಹೊರಗೆ ತಿರುಗಿ ನೀರು ಅಡ್ಡಕ್ಕೆ ಹೊಡೆಯುತ್ತದೆ. ಆದ್ದರಿಂದಲೇ ಪೇಂಟರ್ ಹಗ್ಗವನ್ನು ಮೊದಲು ತೆಗೆದುಕೊಂಡು ಬೋಟನ್ನು ಬ್ಲಾಕ್‌ಗಳ ಕೆಳಗೆ ನಿಲ್ಲಿಸುವುದು. ಪೇಂಟರ್ ಬಿಗಿಯಾಗಿದ್ದರೆ ಕಾಕ್ಸ್‌ವೈನ್ ಚುಕ್ಕಾಣಿಯಲ್ಲೇ ಬೋಟನ್ನು ಬದಿಗೆ ತರಬಹುದು, ಹೊರಗೂ ಒಯ್ಯಬಹುದು.

ಎರಡೂ ಹುಕ್ ಬೀಳುವವರೆಗೆ ವೈರ್ ಸಡಿಲ ಇರಬೇಕು. ಒಂದು ಹುಕ್ ಹಾಕಿ ವೈರ್ ಬಿಗಿ ಇದ್ದರೆ, ಅಲೆ ಇಳಿದಾಗ ಬೋಟ್ ಒಂದೇ ತುದಿಯಲ್ಲಿ ನೇತಾಡುತ್ತದೆ. ಎರಡೂ ಬಿದ್ದ ಮೇಲೆ, ಬೋಟ್ ಅಲೆಯ ನೆತ್ತಿಗೆ ಏರುವಾಗ ವಿಂಚ್ ಚಾಲೂ. ಬೋಟ್ ನೀರು ಬಿಟ್ಟು ಅರ್ಧ ಮೀಟರೋ ಒಂದು ಮೀಟರೋ ಮೇಲೆ ಬಂದ ಕೂಡಲೇ ನಿಲ್ಲಿಸಬೇಕು. ನೀರಿನ ಒತ್ತಡ ಹೋದ ಮೇಲೆ ಹೈಡ್ರೋಸ್ಟ್ಯಾಟಿಕ್ ಇಂಟರ್‌ಲಾಕ್ (ಬೋಟ್ ನೀರಲ್ಲಿಲ್ಲದಾಗ ಹುಕ್ ಬಿಡದಂತೆ ತಡೆಯುವ ಬೀಗ) ವಾಪಸ್ ತನ್ನ ಜಾಗಕ್ಕೆ ಬಂದಿದೆಯಾ, ಪಿನ್ ಕೂತಿದೆಯಾ, ಹುಕ್‌ನ ಗುರುತು ಸರಿ ಇದೆಯಾ ಎಂದು ಇಬ್ಬರೂ ನೋಡಿ ವಾಕಿಟಾಕಿಯಲ್ಲಿ ಹೇಳಬೇಕು. ಬಿದ್ದರೂ ಅರ್ಧ ಮೀಟರ್‌ನಿಂದಲೇ ಬೀಳಲಿ ಎಂಬ ಲೆಕ್ಕ.

ಬಯಲುಸೀಮೆ:
ನಾನು ಹಡಗಿನವನಲ್ಲ, ಚಿತ್ರದುರ್ಗದ ಕಡೆಯವನು. ಸಮುದ್ರ ನೋಡಿದ್ದೇ ಕಾಲೇಜು ಟೂರ್‌ನಲ್ಲಿ. ದಡ್ಡ ಪ್ರಶ್ನೆ ಅನ್ನಿಸಿದರೆ ಬೈಯಬೇಡಿ. ಹಡಗು ಮುಳುಗುವಾಗ ಹತ್ತುವ ಬೋಟು ಅಲ್ವಾ ಇದು? ಅದನ್ನು ವಾಪಸ್ ಎತ್ತುವ ಪ್ರಸಂಗ ಎಲ್ಲಿ ಬರುತ್ತದೆ?

ರಾತ್ರಿ ವಾಚ್:
ಒಳ್ಳೇ ಪ್ರಶ್ನೆಯೇ ಕೇಳಿದ್ದೀರಿ. ನಿಜವಾದ ಅಪಾಯದಲ್ಲಿ ವಾಪಸ್ ಎತ್ತುವ ಮಾತೇ ಇಲ್ಲ. ಬೇರೆ ಹಡಗು ಬಂದು ಜನರನ್ನು ಏಣಿ, ಬಲೆ ಹಾಕಿ ಹತ್ತಿಸಿಕೊಳ್ಳುತ್ತದೆ. ಖಾಲಿ ಬೋಟ್ ಸಾಮಾನ್ಯವಾಗಿ ಅಲ್ಲೇ ತೇಲುತ್ತಾ ಉಳಿಯುತ್ತದೆ. ಟೈಟಾನಿಕ್‌ದು ಸ್ವಲ್ಪ ಬೇರೆ. 1912ರ ಏಪ್ರಿಲ್ 15ರ ಬೆಳಿಗ್ಗೆ ಕಾರ್ಪೇಥಿಯಾ ಜನರನ್ನು ಹತ್ತಿಸಿಕೊಂಡದ್ದಲ್ಲದೆ 20 ಬೋಟ್‌ಗಳಲ್ಲಿ 13ನ್ನು ಎತ್ತಿಕೊಂಡು ನ್ಯೂಯಾರ್ಕ್‌ಗೆ ಒಯ್ದಿತು. ಕೈಬಿಟ್ಟ ಬೋಟ್‌ಗಳಲ್ಲಿ ಒಂದು ಸುಮಾರು ಒಂದು ತಿಂಗಳ ನಂತರ ಓಷಿಯಾನಿಕ್ ಎಂಬ ಹಡಗಿಗೆ ನಡುಸಮುದ್ರದಲ್ಲಿ ಸಿಕ್ಕಿತು.

ನಾವು ಎತ್ತುವುದು ಡ್ರಿಲ್ ಮಾಡಿದಾಗ. ಸೋಲಾಸ್ (ಕಡಲಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದ ಪ್ರಕಾರ ತಿಂಗಳಿಗೊಮ್ಮೆ ಹಡಗು ಬಿಡುವ ಡ್ರಿಲ್, ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಬೋಟನ್ನೂ ನೀರಿಗಿಳಿಸಿ ಓಡಿಸಬೇಕು. ಅಂದರೆ ಹಡಗಿನವನು ನಿಜವಾಗಿ ಹಡಗು ಬಿಟ್ಟು ಹೋಗುವ ಪ್ರಸಂಗ ಇಡೀ ನೌಕರಿಯಲ್ಲಿ ಬರದೇ ಇರಬಹುದು, ಬೋಟ್ ಎತ್ತುವ ಪ್ರಸಂಗ ವರ್ಷಕ್ಕೆ ಮೂರು ನಾಲ್ಕು ಸಲ ಬಂದೇ ಬರುತ್ತದೆ.

ಇನ್ನೊಂದು ಸಂಗತಿ ತುಂಬ ಜನ ಗಮನಿಸುವುದಿಲ್ಲ. ಬೋಟ್ ಇಳಿಸುವಾಗ ಅದರಲ್ಲಿ ಪೂರ್ತಿ ಜನ ತುಂಬಿರಬಹುದು, ಡೇವಿಟ್ ಅದಕ್ಕೆ ತಯಾರಾಗಿದೆ. ಎತ್ತುವುದಕ್ಕೆ ನಿಯಮ ಕೇಳುವುದು ಬೋಟನ್ನು ಮತ್ತು ಅದನ್ನು ನಡೆಸುವ ಸಿಬ್ಬಂದಿಯನ್ನು ಎತ್ತುವ ತಾಕತ್ತು ಮಾತ್ರ. ತುಂಬಿದ ಬೋಟನ್ನು ವಿಂಚ್ ಎತ್ತಲೇಬೇಕು ಎಂದು ಎಲ್ಲೂ ಇಲ್ಲ. ರೆಸ್ಕ್ಯೂ ಬೋಟ್ ಬೇರೆ. ಅದನ್ನು ಪೂರ್ತಿ ಜನ, ಸಾಮಾನು ಸಮೇತ, ಸಾಧಾರಣ ಅಲೆಯಲ್ಲಿ 5 ನಿಮಿಷದೊಳಗೆ ಎತ್ತುವಂತಿರಬೇಕು. ನೀರಿಗೆ ಬಿದ್ದವನನ್ನು ತರುವ ಬೋಟ್ ಅಲ್ವಾ, ಅದಕ್ಕೆ.

ಗ್ರೀಸ್‌ಗನ್:
ಡೆಕ್‌ನವರು ಹುಕ್ ಬಗ್ಗೆ ಎಲ್ಲ ಹೇಳಿದರು. ವಿಂಚ್ ಕಡೆ ಯಾರೂ ನೋಡಲಿಲ್ಲ. ನಾನು ತರ್ಡ್ ಇಂಜಿನಿಯರ್, ಬೋಟ್ ಇಂಜಿನ್ ಮತ್ತು ಡೇವಿಟ್ ವಿಂಚ್ ನನ್ನ ತಲೆಗೆ.

ಎತ್ತುವುದರಲ್ಲಿ ಕೆಟ್ಟ ಗಳಿಗೆ ಎರಡು. ಒಂದು ಹುಕ್ ಹಾಕುವಾಗ. ಇನ್ನೊಂದು ಕೊನೆಯ ಒಂದು ಮೀಟರ್. ಡೇವಿಟ್ ತೋಳು ಮೇಲೆ ಬಂದು ತನ್ನ ನಿಲುಗಡೆಗೆ ತಾಗುವ ಮೊದಲು ಲಿಮಿಟ್ ಸ್ವಿಚ್ ಮೋಟಾರನ್ನು ನಿಲ್ಲಿಸಬೇಕು. ಆ ಸ್ವಿಚ್ ಇರುವ ಜಾಗ ನೋಡಿದ್ದೀರಾ? ಬಿಸಿಲು, ಮಳೆ, ಉಪ್ಪುನೀರು ಎಲ್ಲ ಅಲ್ಲೇ. ಅದರ ಸಣ್ಣ ತೋಳಿನ ಮೇಲೆ ಯಾರೋ ಒಂದು ಕೋಟು ಪೇಂಟ್ ಬಳಿದಿರುತ್ತಾರೆ. ಪೇಂಟ್ ಒಣಗಿ ಅದು ಅಲ್ಲಾಡುವುದೇ ಇಲ್ಲ. ಸ್ವಿಚ್ ಕೆಲಸ ಮಾಡದಿದ್ದರೆ ತೋಳು ನಿಲುಗಡೆಗೆ ಹೋಗಿ ನಿಂತರೂ ಮೋಟಾರ್ ಎಳೆಯುತ್ತಲೇ ಇರುತ್ತದೆ. ಆಗ ಮುರಿಯಲು ಉಳಿಯುವುದು ವೈರ್ ಒಂದೇ.

ಇದು ಕಥೆ ಅಲ್ಲ. 2011ರ ಫೆಬ್ರವರಿ 7ರಂದು ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ರಾಯಲ್ ಪೋರ್ಟ್‌ಬರಿ ಡಾಕ್‌ನಲ್ಲಿ ಟೊಂಬಾರಾ ಎಂಬ ಕಾರು ಸಾಗಿಸುವ ಹಡಗಿನಲ್ಲಿ ಆದದ್ದು. ಡ್ರಿಲ್ ಮುಗಿಸಿ ರೆಸ್ಕ್ಯೂ ಬೋಟನ್ನು ಅದರ ಜಾಗಕ್ಕೆ ಎತ್ತುತ್ತಿದ್ದರು, ಒಳಗೆ ನಾಲ್ವರು. ಲಿಮಿಟ್ ಸ್ವಿಚ್ಚಿನ ಕೆಲಸ ಮಾಡುವ ಪ್ರಾಕ್ಸಿಮಿಟಿ ಸ್ವಿಚ್ ವಿಂಚನ್ನು ನಿಲ್ಲಿಸಲಿಲ್ಲ. ವೈರ್ ತುಂಡಾಗಿ ಬೋಟ್ ಸುಮಾರು 29 ಮೀಟರ್ ಕೆಳಗೆ ಬಿತ್ತು. ಒಬ್ಬರು ತೀರಿಕೊಂಡರು. ತನಿಖೆಯಲ್ಲಿ ಇನ್ನೊಂದು ವಿಷಯವೂ ಹೊರಬಿತ್ತು. ಬೋಟಿನ ಒಳಗೆ ತುಂಬಿದ್ದ ಫೋಮ್ ನೀರು ಕುಡಿದು, ಬೋಟ್ ಇರಬೇಕಾದ್ದಕ್ಕಿಂತ ಜಾಸ್ತಿ ಭಾರವಾಗಿತ್ತು.

ಹಾಗಾಗಿ ನಾನು ಮಾಡುವುದು ಇಷ್ಟು. ಬೋಟ್ ಕೆಳಗೆ ಇರುವಾಗಲೇ, ಹುಕ್ ಹಾಕುವ ಮೊದಲು, ವಿಂಚನ್ನು ಎತ್ತುವ ದಿಕ್ಕಿಗೆ ಚಾಲೂ ಮಾಡಿಸಿ ಲಿಮಿಟ್ ಸ್ವಿಚ್ಚನ್ನು ಕೈಯಲ್ಲಿ ಒತ್ತುತ್ತೇನೆ. ಮೋಟಾರ್ ಆ ಕ್ಷಣವೇ ನಿಲ್ಲಬೇಕು. ಎರಡು ತೋಳಿನ ಎರಡೂ ಸ್ವಿಚ್. ಎಮರ್ಜೆನ್ಸಿ ಸ್ಟಾಪ್ ಕೂಡ. ನಿಲ್ಲದಿದ್ದರೆ ಬೋಟ್ ನೀರಲ್ಲೇ ಇರಲಿ, ಮೊದಲು ರಿಪೇರಿ. ಚೀಫ್ ಆಫೀಸರ್ ಎಷ್ಟೇ ಅವಸರ ಮಾಡಲಿ.

ಕೊನೆಯ ಅಷ್ಟು ದೂರವನ್ನು ಕರೆಂಟಿನಲ್ಲಿ ಎತ್ತುವುದೇ ಬೇಡ. ನಿಲ್ಲಿಸಿ, ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಬೆವರು ಬರುತ್ತದೆ, ಬರಲಿ. ಹ್ಯಾಂಡಲ್ ಹಾಕಿದಾಗ ಮೋಟಾರ್ ಚಾಲೂ ಆಗದಂತೆ ಇಂಟರ್‌ಲಾಕ್ ಇರುತ್ತದೆ. ಅದನ್ನೂ ನೋಡಿಕೊಳ್ಳಿ. ಹ್ಯಾಂಡಲ್ ಹಾಕಿದ್ದಾಗ ಮೋಟಾರ್ ತಿರುಗಿ ಕೈ ಮುರಿದುಕೊಂಡವರನ್ನು ನಾನು ಬಲ್ಲೆ.

ಕಾರವಾರ ಮೇಟ್:
ಇಷ್ಟೆಲ್ಲ ಹೇಳಿದಿರಿ, ಮೂಲ ಪ್ರಶ್ನೆ ಯಾರೂ ಎತ್ತಲಿಲ್ಲ. ಬೋಟ್ ಎತ್ತುವಾಗ ಅದರೊಳಗೆ ಜನ ಯಾಕೆ ಇರಬೇಕು? ಹುಕ್ ಹಾಕಿಯಾದ ಮೇಲೆ ಒಳಗೆ ಕೂತವನಿಗೆ ಏನು ಕೆಲಸ? ನನ್ನ ಹಡಗಿನಲ್ಲಿ ಹುಕ್ ಹಾಕಿ, ನೋಡಿ, ಎಲ್ಲರೂ ಏಣಿ ಹತ್ತಿ ಬರುತ್ತಾರೆ. ಖಾಲಿ ಬೋಟ್ ಮೇಲೆ ಬರುತ್ತದೆ.

ಬ್ರಿಟನ್ನಿನ ಹಡಗು ಅಪಘಾತ ತನಿಖಾ ಸಂಸ್ಥೆ 2001ರಲ್ಲೇ ಲೆಕ್ಕ ಹಾಕಿತ್ತು. ತಾನು ನೋಡಿದ ಹತ್ತು ವರ್ಷಗಳಲ್ಲಿ ಲೈಫ್‌ಬೋಟ್ ಮತ್ತು ಅದನ್ನು ಇಳಿಸುವ ಸಲಕರಣೆಗಳಿಂದ 12 ನಾವಿಕರು ಸತ್ತಿದ್ದರು, 87 ಮಂದಿಗೆ ಗಾಯವಾಗಿತ್ತು. ಇವರೆಲ್ಲ ಕೆಲಸ ಬಲ್ಲವರು, ಪ್ರಯಾಣಿಕರಲ್ಲ. ಜೀವ ಉಳಿಸಬೇಕಾದ ಬೋಟಿನ ಲೆಕ್ಕ ಇದು.

ಆಮೇಲೂ ನಿಲ್ಲಲಿಲ್ಲ. 2013ರ ಫೆಬ್ರವರಿ 10, ಕೆನರಿ ದ್ವೀಪಗಳ ಸಾಂತಾ ಕ್ರೂಸ್ ದೆ ಲಾ ಪಾಲ್ಮಾ ಬಂದರು, ಥಾಮ್ಸನ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು. ಡ್ರಿಲ್ ಆಗಿ ಬೋಟ್ ಮೇಲೆ ಬರುತ್ತಿತ್ತು. ಮುಂದಿನ ಫಾಲ್ ವೈರ್ (ಬೋಟ್ ತೂಗುವ ವೈರ್) ತುಂಡಾಯಿತು. ಬೋಟ್ 20 ಮೀಟರಿಗೂ ಮೇಲಿಂದ ಮಗುಚಿ ಬಿತ್ತು. ಒಳಗೆ ಎಂಟು ಜನ, ಐವರು ಸತ್ತರು. ವೈರ್ ಹಾಕಿ ಮೂರು ವರ್ಷವೂ ಆಗಿರಲಿಲ್ಲ. ಹೊರಗೆ ಗ್ರೀಸ್ ಇತ್ತು, ಒಳಗಿನ ಎಳೆಗಳು ತುಕ್ಕು ಹಿಡಿದಿದ್ದವು. ಆ ಬೋಟ್ ಖಾಲಿ ಬಂದಿದ್ದರೆ?

ಹಳೇ ಬೋಸನ್:
ಮೇಟ್ ಸಾಹೇಬರೇ, ನಿಮ್ಮ ಲೆಕ್ಕ ಸರಿ, ಏಣಿಯ ಲೆಕ್ಕ ಬಿಟ್ಟಿರಿ. ಡಾಕಿನ ಒಳಗಿನ ನೀರಲ್ಲಿ ಏಣಿ ಹತ್ತುವುದು ಸರಿ. ಹೊರಗಿನ ಆಂಕರೇಜ್‌ನಲ್ಲಿ ಬೋಟ್ ಎರಡು ಮೀಟರ್ ಮೇಲೆ ಕೆಳಗೆ ಆಡುತ್ತಿರುವಾಗ, ಲೈಫ್‌ಜಾಕೆಟ್ ಹಾಕಿಕೊಂಡು, ಆ ಸಣ್ಣ ಹ್ಯಾಚ್‌ನಿಂದ ಹೊರಬಂದು, ಜಾರುವ ಫೈಬರ್ ಮೇಲೆ ನಿಂತು ಏಣಿಗೆ ಜಿಗಿಯುವುದು? ಕಾಲು ಬೋಟಿಗೂ ಹಡಗಿಗೂ ನಡುವೆ ಸಿಕ್ಕಿದರೆ? ನಿಮ್ಮ ಹಡಗಿನ ಹುಡುಗರು ಮಂಗನಂತೆ ಹತ್ತಬಹುದು, ನನ್ನ ಹಡಗಿನಲ್ಲಿ ಕುಕ್ ಕೂಡ ಪಟ್ಟಿಯಲ್ಲಿದ್ದ.

ಕಾರವಾರ ಮೇಟ್:
ಕುಕ್‌ನನ್ನು ಪಟ್ಟಿಗೆ ಹಾಕಿದ್ದೇ ತಪ್ಪು. ಐಎಂಒದ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) 2017ರ ಸುತ್ತೋಲೆ 1578 ಓದಿ. ಜನ ಕೂರಿಸುವ ಮೊದಲು ಬೋಟನ್ನು ಒಮ್ಮೆ ಖಾಲಿ ಇಳಿಸಿ ಖಾಲಿ ಎತ್ತಿ ನೋಡಿ ಎನ್ನುತ್ತದೆ. ಆಮೇಲೂ ಬೋಟ್ ನಡೆಸಲು ಬೇಕಾದಷ್ಟೇ ಜನ. ಎರಡು ಹುಕ್, ಒಂದು ಚುಕ್ಕಾಣಿ, ಒಂದು ಇಂಜಿನ್. ಅಷ್ಟೇ. ಅಲೆ ಇದ್ದರೆ ನಿಮ್ಮ ಮಾತು ಒಪ್ಪುತ್ತೇನೆ, ಏಣಿ ಬೇಡ. ಹಾಗಾದರೂ ಬೋಟ್ ಎಂಬಾರ್ಕೇಶನ್ ಡೆಕ್‌ಗೆ (ಬೋಟ್ ಹತ್ತುವ ಡೆಕ್) ಬಂದ ಕೂಡಲೇ ಎಲ್ಲರೂ ಇಳಿಯಬೇಕು. ಗ್ರೀಸ್‌ಗನ್ ಹೇಳಿದ ಆ ಕೊನೆಯ ಮೀಟರ್‌ನಲ್ಲಿ ಒಳಗೆ ಒಂದು ನರಪಿಳ್ಳೆಯೂ ಇರಬಾರದು.

ಹಳೇ ಬೋಸನ್:
ಅದಕ್ಕೆ ನನ್ನದೂ ಸೈ.

ಕುಂದಾಪ್ರ ಕ್ಯಾಡೆಟ್:
ಇಷ್ಟೊಂದು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತರ್ಡ್ ಮೇಟ್ ಜೊತೆ ಬೋಟಿನೊಳಗೆ ಹೋಗಿ ಹುಕ್ ನೋಡಿ ಬಂದೆ. ಹುಕ್ ಪಕ್ಕದಲ್ಲಿ ಕೆಂಪು ಪಟ್ಟಿಯೊಂದು ಚೀಲದಲ್ಲಿ ಸುತ್ತಿಟ್ಟಿತ್ತು. ಎಫ್‌ಪಿಡಿ (ಫಾಲ್ ಪ್ರಿವೆಂಟರ್ ಡಿವೈಸ್) ಎಂದರು. ಇಳಿಸುವಾಗ ಹಾಕಬೇಕಾ, ಎತ್ತುವಾಗ ಹಾಕಬೇಕಾ? ಎರಡು ಜನ ಎರಡು ಥರ ಹೇಳುತ್ತಿದ್ದಾರೆ.

ರಾತ್ರಿ ವಾಚ್:
ಡ್ರಿಲ್‌ನಲ್ಲಿ ಎರಡೂ ಸಲ. ಹುಕ್ ಅಕಸ್ಮಾತ್ ಬಿಟ್ಟುಕೊಂಡರೆ ಬೋಟನ್ನು ಹಿಡಿದಿಡುವ ಪಟ್ಟಿ ಅದು. ಹುಕ್ಕಿನ ಮೇಲೆ ನಂಬಿಕೆ ಹೋದಾಗ ಬಂದದ್ದು. 2009ರ ಸುತ್ತೋಲೆ 1327ರಲ್ಲಿ ಅದರ ವಿವರ ಇದೆ. ಇಳಿಯುವಾಗ ನೀರು ಮುಟ್ಟುವ ಹೊತ್ತಿಗೆ ಬಿಚ್ಚಬೇಕು, ಇಲ್ಲದಿದ್ದರೆ ಹುಕ್ ಬಿಟ್ಟರೂ ಬೋಟ್ ಬಿಡುವುದಿಲ್ಲ. ಎತ್ತುವಾಗ ಹುಕ್ ಹಾಕಿ ಸರಿಯಾಗಿ ನೋಡಿದ ಮೇಲೆ, ಮೇಲೆ ಹೊರಡುವ ಮೊದಲು ಹಾಕಬೇಕು. ಬಟ್ಟೆಪಟ್ಟಿಯ ಜಾಗದಲ್ಲಿ ವೈರನ್ನೋ ಚೈನನ್ನೋ ಯಾರಾದರೂ ಕಟ್ಟಿಟ್ಟಿದ್ದರೆ ತೆಗೆಸು. ಜಗ್ಗು ಬಿದ್ದಾಗ ಅದು ಹಿಗ್ಗುವುದಿಲ್ಲ, ಆ ಏಟು ಸೀದಾ ಬೋಟಿಗೆ ಹೋಗುತ್ತದೆ. ಸುತ್ತೋಲೆಯೇ ಬೇಡ ಎನ್ನುತ್ತದೆ.

ಹಳೆಯ ಮಾದರಿಯ ಕೆಟ್ಟ ಹುಕ್‌ಗಳನ್ನೆಲ್ಲ 2019ರ ಜುಲೈ 1ರ ಒಳಗೆ ಬದಲಿಸಬೇಕು ಎಂದು ನಿಯಮ ಬಂತು. ಈಗಿನ ಹುಕ್ ಎಷ್ಟೋ ಮೇಲು. ನಾನಂತೂ ಪಟ್ಟಿ ಬಿಡುವುದಿಲ್ಲ.

ಬಲ್ಕರ್ ಬದುಕು:
ನಿಮ್ಮದೆಲ್ಲ ಡೇವಿಟ್ ಬೋಟು, ಪುಣ್ಯವಂತರು. ನಮ್ಮ ಬಲ್ಕ್ ಕ್ಯಾರಿಯರ್‌ನಲ್ಲಿ ಹಿಂಭಾಗದಲ್ಲಿ, ಇಳಿಜಾರಿನಿಂದ ಸೀದಾ ನೀರಿಗೆ ಧುಮುಕುವ ಫ್ರೀಫಾಲ್ ಬೋಟ್. ಹಾರುವುದು ನಾಲ್ಕೈದು ಸೆಕೆಂಡಿನ ಮಾತು, ವೀಡಿಯೊ ಎಲ್ಲರೂ ನೋಡಿರುತ್ತಾರೆ. ಎತ್ತುವ ವೀಡಿಯೊ ಯಾರೂ ಹಾಕುವುದಿಲ್ಲ, ಅರ್ಧ ದಿನ ಹೋಗುತ್ತದೆ.

ಬೋಟನ್ನು ಹಡಗಿನ ಹಿಂಬದಿಯ ಕೆಳಗೆ ತರಬೇಕು. ಖಾಲಿ ಹಡಗಾದರೆ ಪ್ರೊಪೆಲ್ಲರ್‌ನ ಮೇಲಿನ ಎಲೆ ನೀರಿಂದ ಹೊರಗೇ ಕಾಣುತ್ತಿರುತ್ತದೆ. ಮೇನ್ ಇಂಜಿನ್ ಚಾಲೂ ಆಗದಂತೆ ಟರ್ನಿಂಗ್ ಗೇರ್ ಹಾಕಿಸಿ, ಬ್ರಿಡ್ಜ್‌ನಲ್ಲಿ ಬೋರ್ಡ್ ತೂಗುಹಾಕಿಸದೆ ನಾನು ಅಲ್ಲಿಗೆ ಬೋಟ್ ಬಿಡುವುದಿಲ್ಲ. ಆಮೇಲೆ ಒಬ್ಬ ಬೋಟಿನ ಬೆನ್ನ ಮೇಲೆ ಹತ್ತಿ, ಮೇಲಿನಿಂದ ಇಳಿದ ಸ್ಲಿಂಗ್‌ನ ಕಾಲುಗಳನ್ನು ಒಂದೊಂದಾಗಿ ಸಿಕ್ಕಿಸಬೇಕು. ಬೋಟಿನ ಬೆನ್ನು ದುಂಡಗೆ, ಒದ್ದೆ. ಹಿಡಿಯಲು ಪಕ್ಕದ ಕಂಬಿ ಬಿಟ್ಟರೆ ಏನೂ ಇಲ್ಲ. ಮೇಲೆ ಎತ್ತಿದ ಮೇಲೆ ಬೋಟ್ ಗಾಳಿಗೆ ತಿರುಗದಂತೆ ಎರಡೂ ಬದಿಗೆ ಹಗ್ಗ ಹಿಡಿದವರು ಬೇಕು. ಕೊನೆಗೆ ರ‍್ಯಾಂಪ್ ಮೇಲೆ ಅದೇ ಕೋನದಲ್ಲಿ ಕೂರಿಸಿ ಹಿಂದಿನ ಹುಕ್ ಸಿಕ್ಕಿಸಬೇಕು. ಆ ಹುಕ್ ಪೂರ್ತಿ ಕೂರುವವರೆಗೆ ಸ್ಲಿಂಗ್ ಸಡಿಲ ಮಾಡುವುದಿಲ್ಲ, ಮೇಲೆ ಯಾರೇ ಕೂಗಲಿ.

ಆರು ತಿಂಗಳಿಗೊಮ್ಮೆ ಫ್ರೀಫಾಲ್ ಹಾರಿಸಬೇಕು, ಇಲ್ಲವೇ ಹಾರಿಸಿದಂತೆ ಪರೀಕ್ಷೆ ಮಾಡಿದರೂ ಆಯಿತು. ನಮ್ಮಲ್ಲಿ ಹೆಚ್ಚಾಗಿ ಎರಡನೆಯದೇ. ಬೈಯುವವರು ಬೈಯಲಿ.

ಗ್ರೀಸ್‌ಗನ್:
ಬೈಯುವುದಿಲ್ಲ. ಎತ್ತಿ ಕೂರಿಸಿದ ಮೇಲೆ ಇಂಜಿನ್ನಿಗೆ ಸಿಹಿನೀರು ಹಾಯಿಸುವುದು, ತಳದ ಬಿರಡೆ ತೆಗೆದು ಒಳಗಿನ ನೀರು ಬಿಡುವುದು ಮಾತ್ರ ಮರೆಯಬೇಡಿ. ವೈರನ್ನು ಸಿಹಿನೀರಲ್ಲಿ ತೊಳೆದು, ಒಣಗಿದ ಮೇಲೆ ಗ್ರೀಸ್. ಒದ್ದೆ ವೈರ್ ಮೇಲೆ ಗ್ರೀಸ್ ಬಳಿದರೆ ಉಪ್ಪನ್ನು ಒಳಗೇ ಇಟ್ಟು ಬೀಗ ಹಾಕಿದಿರಿ. ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಗರಿಷ್ಠ ಅವಧಿ. ಕೆಟ್ಟಿದ್ದರೆ ಎರಡೇ ವರ್ಷಕ್ಕೂ ಬದಲಿಸಬೇಕು. ಪುಲ್ಲಿಗಳ ಮೇಲೆ ಸದಾ ಬಾಗಿ ಕೂತಿರುವ ಭಾಗವನ್ನೇ ಮೊದಲು ನೋಡಿ.

ಕುಂದಾಪ್ರ ಕ್ಯಾಡೆಟ್:
ಇನ್ನೊಂದು ಪ್ರಶ್ನೆ, ಸಾರಿ. ನಮ್ಮ ಆಂಕರೇಜ್ ಪಣಂಬೂರು ಹೊರಗೆ ಎಂದು ಈಗ ಗೊತ್ತಾಯಿತು. ಜೂನ್ ಕೊನೆ. ನನಗೆ ಊರಿನ ಕಡಲು ಗೊತ್ತು, ಆ ಹೊತ್ತಿನಲ್ಲಿ ನಾಡದೋಣಿಯೂ ಇಳಿಯುವುದಿಲ್ಲ. ಡ್ರಿಲ್ ಗಡುವು ಮಾತ್ರ ಅದೇ ವಾರ ಮುಗಿಯುತ್ತದೆ. ಅಲೆ ಜಾಸ್ತಿ ಇದ್ದರೆ ರಿಕವರಿ ಸ್ಟ್ರಾಪ್ ಹಾಕಿ ಎತ್ತಬಹುದು ಎಂದು ತರ್ಡ್ ಮೇಟ್ ಹೇಳಿದರು.

ಹಳೇ ಬೋಸನ್:
ರಿಕವರಿ ಸ್ಟ್ರಾಪ್ ಇರುವುದು ನಿಜ. ಭಾರದ ಬ್ಲಾಕ್ ತಲೆಗೆ ಬಡಿಯದಿರಲಿ ಎಂದು ಅದರಿಂದ ಉದ್ದನೆಯ ನೈಲಾನ್ ಪಟ್ಟಿ ಇಳಿಬಿಟ್ಟು, ಅದರ ತುದಿಯನ್ನು ಹುಕ್ಕಿಗೆ ಹಾಕುತ್ತಾರೆ. ಮೇಲೆ ಬಂದ ಮೇಲೆ ಬೋಟನ್ನು ಹ್ಯಾಂಗಿಂಗ್ ಆಫ್ ಪೆನೆಂಟ್‌ಗೆ (ಸ್ವಲ್ಪ ಹೊತ್ತು ಹಿಡಿದಿಡುವ ವೈರ್) ತೂಗುಹಾಕಿ ಬ್ಲಾಕನ್ನು ಮತ್ತೆ ಹುಕ್ಕಿಗೆ ಕೊಡಬೇಕು. ಅದು ಮನುಷ್ಯ ನೀರಿಗೆ ಬಿದ್ದಂಥ ಹೊತ್ತಿಗೆ ಇರುವ ಉಪಾಯ. ಡ್ರಿಲ್ ತಾರೀಖು ಉಳಿಸಲು ಅಲ್ಲ. ಮಳೆಗಾಲದ ಪಣಂಬೂರಿನಲ್ಲಿ ಕಂಪನಿ ಬೋಟಿಗಾಗಿ ಕೈಕಾಲು ಕೊಡಬೇಡ.

ಕಾರವಾರ ಮೇಟ್:
ಇಲ್ಲಿ ಬೋಸನ್ ಅವರ ಪರ ನಾನು. ಡ್ರಿಲ್ ಹೊತ್ತಿಗೆ ಸರಿಯಾಗಿ ಆಗದಿದ್ದರೆ ಯಾಕೆ ಆಗಲಿಲ್ಲ, ಎಷ್ಟು ಮಾತ್ರ ಮಾಡಿದೆವು ಎಂದು ಲಾಗ್‌ಬುಕ್‌ನಲ್ಲಿ ಬರೆಯಲು ಸೋಲಾಸ್‌ನಲ್ಲೇ ಜಾಗ ಇದೆ. ಮಸ್ಟರ್ ಮಾಡಿ, ಬೋಟನ್ನು ಎಂಬಾರ್ಕೇಶನ್ ಡೆಕ್‌ವರೆಗೆ ಖಾಲಿ ಇಳಿಸಿ ಎತ್ತಿ, ಇಂಜಿನ್ ಚಾಲೂ ಮಾಡಿ ನೋಡಿ. ಗಾಳಿ ಎಷ್ಟು, ಅಲೆ ಎಷ್ಟು ಎಂದು ಬರೆದು ಮಾಸ್ಟರ್ ಸಹಿ ಹಾಕಲಿ, ಕಂಪನಿಗೂ ಅವತ್ತೇ ಮೇಲ್ ಹೋಗಲಿ. ನೀರಿಗಿಳಿಸುವುದು ಮುಂದಿನ ಬಂದರಿನ ಒಳಗೆ, ಬಂದರಿನವರ ಅನುಮತಿ ಕೇಳಿ. ತರ್ಡ್ ಮೇಟ್ ಒಪ್ಪದಿದ್ದರೆ ಚೀಫ್ ಆಫೀಸರ್ ಹತ್ತಿರ ಹೋಗಿ ಕೇಳು. ಕ್ಯಾಡೆಟ್ ಆದರೇನು, ಹುಕ್ ಹತ್ತಿರ ನಿಲ್ಲುವವನು ನೀನು.

ಕುಂದಾಪ್ರ ಕ್ಯಾಡೆಟ್:
ಕೇಳಿದೆ ಸರ್. ಚೀಫ್ ಆಫೀಸರ್ ಬೈಯಲಿಲ್ಲ. "ಅಲೆ ನೋಡಿ ಹೇಳೋಣ, ಅದಕ್ಕೆ ಮೊದಲು ನೀನು ಹೋಗಿ ಲಿಮಿಟ್ ಸ್ವಿಚ್ ಮೇಲೆ ಪೇಂಟ್ ಇದೆಯಾ ನೋಡು" ಎಂದರು. ಇತ್ತು.